ತಾಯಿಯಿಂದ ಮಗುವಿಗೆ ಸೋಂಕು ದಾಟದಂತೆ: ಬಸಿರಿಗೆ ಮುಂಚಿನಿಂದ ಹೆರಿಗೆಯ ನಂತರದವರೆಗೆ ಮಾಡಬೇಕಾದದ್ದು

ಗರ್ಭಿಣಿಯಿಂದ ಮಗುವಿಗೆ ದಾಟುವ ಸೋಂಕುಗಳ ವಿಷಯದಲ್ಲಿ ಮೊದಲು ತಿಳಿದಿರಬೇಕಾದದ್ದು, ಅವುಗಳಲ್ಲಿ ಹೆಚ್ಚಿನವು ತಾಯಿಯ ಮೈಯಲ್ಲಿ ಸದ್ದಿಲ್ಲದೆ ಇರುತ್ತವೆ ಎಂಬುದು. ಯಕೃತ್ತಿಗೆ ತಗುಲುವ ಹೆಪಟೈಟಿಸ್ ಬಿ, ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್, ಎಚ್‌ಐವಿ, ಸೈಟೊಮೆಗಾಲೊ ವೈರಸ್, ಬಿ ಗುಂಪಿನ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ, ಇವುಗಳಲ್ಲಿ ಯಾವುದಿದ್ದರೂ ಆಕೆಗೆ ಜ್ವರ ಬರಬೇಕೆಂದಿಲ್ಲ, ನೋವು ಕಾಣಬೇಕೆಂದಿಲ್ಲ. ಚೆನ್ನಾಗಿ ಉಂಡು, ನಿದ್ದೆ ಮಾಡಿ, ಎಂದಿನಂತೆ ಓಡಾಡಿಕೊಂಡಿರುವ ಹೆಂಗಸಿನಲ್ಲೂ ಇವು ಇರಬಹುದು. ಆದ್ದರಿಂದ "ನನಗೇನೂ ತೊಂದರೆ ಇಲ್ಲ, ಇಷ್ಟೊಂದು ರಕ್ತಪರೀಕ್ಷೆ ಯಾಕೆ" ಎಂಬ ಪ್ರಶ್ನೆ ಸಹಜವಾದದ್ದೇ ಆದರೂ, ತೊಂದರೆ ಕಾಣಿಸುವವರೆಗೆ ಕಾಯುವುದು ಇಲ್ಲಿ ಸಲ್ಲದು.

ಎರಡನೆಯ ಮಾತು ಕಾಲಕ್ಕೆ ಸಂಬಂಧಿಸಿದ್ದು. ಈ ಸೋಂಕುಗಳಲ್ಲಿ ಒಂದೊಂದನ್ನೂ ತಡೆಯಲು ಒಂದೊಂದು ಅವಧಿಯಿದೆ. ರುಬೆಲ್ಲಾವನ್ನು ಬಸಿರಿಗೆ ಮುಂಚೆಯೇ ತಡೆಯಬೇಕು, ಸಿಫಿಲಿಸ್ ಅನ್ನು ಬಸಿರಿನ ಮೊದಲ ತಿಂಗಳುಗಳಲ್ಲೇ ಹಿಡಿಯಬೇಕು, ಹೆಪಟೈಟಿಸ್ ಬಿ ಲಸಿಕೆಯನ್ನು ಮಗು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಕೊಡಬೇಕು. ಅದೇ ಪರೀಕ್ಷೆ, ಅದೇ ಔಷಧ ಅವಧಿ ಮೀರಿದ ಮೇಲೆ ಅಷ್ಟು ಫಲ ಕೊಡುವುದಿಲ್ಲ. ಅದಕ್ಕಾಗಿಯೇ ಇಲ್ಲಿ ರೋಗಗಳ ಪಟ್ಟಿಯನ್ನು ಹಿಡಿದು ಹೋಗದೆ, ಬಸಿರಿನ ದಿನಗಳನ್ನೇ ಹಿಡಿದು ಮುಂದೆ ಸಾಗಿದ್ದೇನೆ.

ದಾಟುವ ದಾರಿಗಳು ಮೂರು. ಗರ್ಭಕೋಶದಲ್ಲಿ ಮಗುವಿಗೆ ಆಹಾರವನ್ನೂ ಆಮ್ಲಜನಕವನ್ನೂ ಒದಗಿಸುವ ಮಾಸಿನ ಮೂಲಕ ರುಬೆಲ್ಲಾ, ಸಿಫಿಲಿಸ್, ಟಾಕ್ಸೊಪ್ಲಾಸ್ಮಾ, ಸೈಟೊಮೆಗಾಲೊ ವೈರಸ್, ಝಿಕಾ ಮೊದಲಾದವು ದಾಟುತ್ತವೆ. ಹೆರಿಗೆಯ ಹೊತ್ತಿನಲ್ಲಿ ತಾಯಿಯ ರಕ್ತ ಮತ್ತು ಯೋನಿಸ್ರಾವದ ಸಂಪರ್ಕದಿಂದ ಹೆಪಟೈಟಿಸ್ ಬಿ, ಹರ್ಪಿಸ್, ಗೊನೋರಿಯಾ, ಬಿ ಗುಂಪಿನ ಸ್ಟ್ರೆಪ್ಟೊಕಾಕಸ್ ದಾಟುವುದು ಹೆಚ್ಚು. ಮೂರನೆಯ ದಾರಿ ಎದೆಹಾಲು. ಎಚ್‌ಐವಿ ಈ ಮೂರು ದಾರಿಗಳನ್ನೂ ಬಳಸಬಲ್ಲದು. ಹಾಗಾಗಿಯೇ ಅದರ ಚಿಕಿತ್ಸೆ ಬಸಿರು, ಹೆರಿಗೆ, ಹಾಲೂಡಿಸುವ ಕಾಲ ಮೂರನ್ನೂ ಆವರಿಸಿರಬೇಕಾಗುತ್ತದೆ.

ಬಸಿರಿಗೆ ಮುಂಚೆ

1941ರಲ್ಲಿ ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್, ಕಣ್ಣಿನ ಪೊರೆಯೊಂದಿಗೇ ಹುಟ್ಟಿದ ಕೂಸುಗಳು ಒಂದರ ಹಿಂದೊಂದು ತಮ್ಮ ಬಳಿ ಬರುತ್ತಿರುವುದನ್ನು ಗಮನಿಸಿದರು. ತಾಯಂದಿರನ್ನು ವಿಚಾರಿಸಿದಾಗ ಬಹುತೇಕ ಎಲ್ಲರಿಗೂ ಬಸಿರಿನ ಮೊದಲ ದಿನಗಳಲ್ಲಿ ರುಬೆಲ್ಲಾ ಬಂದು ಹೋಗಿತ್ತು. ದೊಡ್ಡವರಲ್ಲಿ ಎರಡು ಮೂರು ದಿನ ಮೈಮೇಲೆ ಗಂಧೆ ಎದ್ದು ಮಾಯವಾಗುವ ಈ ಸಣ್ಣ ಕಾಯಿಲೆ, ಮೊದಲ 12 ವಾರಗಳಲ್ಲಿ ತಗುಲಿದರೆ ಮಗುವಿನ ಕಣ್ಣು, ಕಿವಿ, ಹೃದಯ, ಮಿದುಳುಗಳಿಗೆ ಹಾನಿ ಮಾಡುವ ಸಂಭವ ಬಹಳ ಹೆಚ್ಚು. 20 ವಾರ ದಾಟಿದ ಮೇಲೆ ಅಂಥ ಹಾನಿ ಅಪರೂಪ. ಒಮ್ಮೆ ಬಸಿರಿನಲ್ಲಿ ತಗುಲಿದ ಮೇಲೆ ಇದಕ್ಕೆ ಮದ್ದಿಲ್ಲ, ಆದರೆ ಮುಂಚಿತವಾಗಿ ತಡೆಯುವ ಉತ್ತಮ ಲಸಿಕೆಯಿದೆ.

ಆದ್ದರಿಂದ ಮಗು ಬೇಕೆಂದು ಯೋಚಿಸುತ್ತಿರುವಾಗಲೇ ರುಬೆಲ್ಲಾ ಲಸಿಕೆ ಆಗಿದೆಯೇ ಎಂಬುದನ್ನು ದಾಖಲೆ ನೋಡಿ ಖಚಿತಪಡಿಸಿಕೊಳ್ಳಿ. ದಾಖಲೆ ಸಿಗದಿದ್ದರೆ ರಕ್ತದಲ್ಲಿ ರೋಗನಿರೋಧಕ ಶಕ್ತಿಯಿದೆಯೇ ಎಂದು ಪರೀಕ್ಷಿಸಿಕೊಳ್ಳಬಹುದು. ಲಸಿಕೆ ಹಾಕಿಸಿಕೊಂಡ ಮೇಲೆ ಒಂದು ತಿಂಗಳು ಬಸಿರಾಗದಂತೆ ನೋಡಿಕೊಳ್ಳಬೇಕು. ಇದು ಜೀವಂತ ವೈರಾಣುವನ್ನು ದುರ್ಬಲಗೊಳಿಸಿ ಮಾಡಿದ ಲಸಿಕೆಯಾದ್ದರಿಂದ ಬಸಿರಿನಲ್ಲಿ ಕೊಡುವುದಿಲ್ಲ. ಬಸಿರಾಗಿರುವುದು ತಿಳಿಯದೆ ಹಾಕಿಸಿಕೊಂಡವರು ಗಾಬರಿಯಾಗಬೇಕಾಗಿಲ್ಲ. ಗರ್ಭಪಾತ ಮಾಡಿಸಿಕೊಳ್ಳಲು ಅದು ಕಾರಣವೇ ಅಲ್ಲ. ಚಿಕನ್‌ಪಾಕ್ಸ್ ಬಾರದೆ ಇರುವವರಿಗೆ ಅದರ ಲಸಿಕೆಯ ವಿಷಯದಲ್ಲೂ ಇದೇ ನಿಯಮ. ಹೆಪಟೈಟಿಸ್ ಬಿ ಲಸಿಕೆಯನ್ನಾದರೋ ಬಸಿರಿನಲ್ಲೂ ಹಾಕಿಸಿಕೊಳ್ಳಬಹುದು.

ಮೊದಲ ಭೇಟಿ

ಬಸಿರು ಖಚಿತವಾದ ಕೂಡಲೇ ವೈದ್ಯರನ್ನೋ ದಾದಿಯನ್ನೋ ಕಂಡು, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ, ಈ ಮೂರರ ಪರೀಕ್ಷೆಯನ್ನು ಮೊದಲ ಭೇಟಿಯಲ್ಲೇ ಕೇಳಿ ಮಾಡಿಸಿ. ಮೂರಕ್ಕೂ ಒಂದೇ ಬಾರಿ ತೆಗೆದ ರಕ್ತ ಸಾಕು. ಮೂತ್ರಪರೀಕ್ಷೆಯೂ ಜೊತೆಗಿರಲಿ, ಉರಿಯಿಲ್ಲದೆ, ನೋವಿಲ್ಲದೆ ಮೂತ್ರದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಬಸಿರಿನಲ್ಲಿ ಮೂತ್ರಪಿಂಡಕ್ಕೆ ಏರುವುದು ಸುಲಭ.

ಸಿಫಿಲಿಸ್ ಬಗ್ಗೆ ತುಸು ವಿವರವಾಗಿ ಹೇಳಬೇಕು, ಏಕೆಂದರೆ ಇಷ್ಟು ಹಳೆಯ, ಇಷ್ಟು ಸುಲಭವಾಗಿ ಗುಣವಾಗುವ ರೋಗದಿಂದ ಇಂದಿಗೂ ಮಕ್ಕಳು ಹೊಟ್ಟೆಯಲ್ಲೇ ಸಾಯುತ್ತಿರುವುದು ನನಗೆ ಅತ್ಯಂತ ನೋವಿನ ಸಂಗತಿ. ಬಸಿರಿನಲ್ಲಿ ಇದಕ್ಕೆ ಇರುವುದು ಪೆನಿಸಿಲಿನ್ ಚುಚ್ಚುಮದ್ದು ಒಂದೇ. ಎರಿತ್ರೊಮೈಸಿನ್‌ನಂಥ ಮಾತ್ರೆಗಳು ಮಾಸನ್ನು ದಾಟಿ ಮಗುವನ್ನು ಸಾಕಷ್ಟು ತಲುಪುವುದಿಲ್ಲವಾದ್ದರಿಂದ, ತಾಯಿ ಗುಣವಾದಂತೆ ಕಂಡರೂ ಮಗುವಿನಲ್ಲಿ ಸೋಂಕು ಉಳಿಯಬಹುದು. ಪೆನಿಸಿಲಿನ್ ಅಲರ್ಜಿಯಿರುವ ಗರ್ಭಿಣಿಯನ್ನು ಆಸ್ಪತ್ರೆಯಲ್ಲಿಟ್ಟುಕೊಂಡು, ಅತಿ ಸಣ್ಣ ಪ್ರಮಾಣದಿಂದ ಹಂತಹಂತವಾಗಿ ಏರಿಸುತ್ತ ಮೈಗೆ ಒಗ್ಗಿಸಿ, ಆಮೇಲೆ ಅದನ್ನೇ ಕೊಡುವ ಕ್ರಮವಿದೆ. ಸೋಂಕು ತಗುಲಿ ಎಷ್ಟು ಕಾಲವಾಗಿದೆ ಎಂಬುದರ ಮೇಲೆ ಒಂದು ಚುಚ್ಚುಮದ್ದು ಸಾಕೋ, ವಾರಕ್ಕೊಂದರಂತೆ ಮೂರು ಬೇಕೋ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಮೂರು ಎಂದರೆ ಮೂರನ್ನೂ ತಪ್ಪದೆ ತೆಗೆದುಕೊಳ್ಳಬೇಕು. ಚಿಕಿತ್ಸೆ ಹೆರಿಗೆಗೆ ಕನಿಷ್ಠ 30 ದಿನ ಮುಂಚೆ ಶುರುವಾಗಿರಬೇಕು, ಇಲ್ಲವಾದರೆ ಹುಟ್ಟಿದ ಮಗುವಿಗೆ ಸಾಕಷ್ಟು ಚಿಕಿತ್ಸೆ ಸಿಕ್ಕಿಲ್ಲವೆಂದೇ ಪರಿಗಣಿಸಲಾಗುತ್ತದೆ. ಗಂಡನಿಗೂ ಅದೇ ಸಮಯದಲ್ಲಿ ಚಿಕಿತ್ಸೆ ಆಗಲೇಬೇಕು. ಆಗದಿದ್ದರೆ, ಗುಣವಾದ ಆಕೆಗೆ ಅದೇ ಬಸಿರಿನಲ್ಲಿ ಸೋಂಕು ಮತ್ತೆ ತಗುಲಬಹುದು.

ಎಚ್‌ಐವಿ ಇದೆಯೆಂಬ ಫಲಿತಾಂಶ ಕೈಗೆ ಬಂದ ಗಳಿಗೆ ಭಾರವಾದದ್ದು. ಕಾಗದ ಹಿಡಿದು ಕೂತಿರುವ ಆಕೆಯ ಬಾಯಿಂದ ಬರುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ತನ್ನ ಬಗ್ಗೆ ಇರುವುದಿಲ್ಲ, "ಮಗುವಿಗೂ ಬಂದಿರುತ್ತದೆಯೇ" ಎಂದಿರುತ್ತದೆ. ಅದಕ್ಕೆ ಸ್ಪಷ್ಟವಾದ ಉತ್ತರವಿದೆ. ಯಾವ ಚಿಕಿತ್ಸೆಯೂ ಇಲ್ಲದೆ, ಎದೆಹಾಲಿನ ಕಾಲವೂ ಸೇರಿ, ಮಗುವಿಗೆ ದಾಟುವ ಸಂಭವ ನೂರಕ್ಕೆ 15ರಿಂದ 45. ತಾಯಿ ದಿನವೂ ಮಾತ್ರೆ ತೆಗೆದುಕೊಂಡು ಆಕೆಯ ರಕ್ತದಲ್ಲಿ ವೈರಾಣು ಪರೀಕ್ಷೆಗೂ ಸಿಗದಷ್ಟು ಕಡಿಮೆಯಾದರೆ, ಬಸಿರು ಮತ್ತು ಹೆರಿಗೆಯಲ್ಲಿ ಅದು ನೂರಕ್ಕೆ ಒಂದಕ್ಕಿಂತಲೂ ಕೆಳಗಿಳಿಯುತ್ತದೆ. 1994ರಲ್ಲಿ ಝಿಡೊವುಡಿನ್ ಎಂಬ ಒಂದೇ ಔಷಧ ಈ ದಾಟುವಿಕೆಯನ್ನು ಸುಮಾರು ಮೂರನೇ ಎರಡು ಭಾಗದಷ್ಟು ತಗ್ಗಿಸಿದ್ದು ಸಾಬೀತಾದಾಗ ಈ ದಾರಿ ತೆರೆಯಿತು. 2015ರಲ್ಲಿ ಕ್ಯೂಬಾ, ಎಚ್‌ಐವಿ ಮತ್ತು ಸಿಫಿಲಿಸ್ ಎರಡೂ ತಾಯಿಯಿಂದ ಮಗುವಿಗೆ ದಾಟುವುದನ್ನು ನಿವಾರಿಸಿದ ಮೊದಲ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆಯಿತು. ಮಾತ್ರೆಯನ್ನು ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದವರು, ಬಸಿರಾದೆನೆಂದು ಹೆದರಿ ತಾವಾಗಿಯೇ ಅದನ್ನು ನಿಲ್ಲಿಸಬಾರದು.

ಮೊದಲ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದರೂ ಏಳನೇ ತಿಂಗಳ ನಂತರ ಸಿಫಿಲಿಸ್ ಮತ್ತು ಎಚ್‌ಐವಿ ಪರೀಕ್ಷೆಗಳನ್ನು ಮತ್ತೊಮ್ಮೆ ಮಾಡಿಸುವುದು ಒಳ್ಳೆಯದು, ಏಕೆಂದರೆ ಬಸಿರಿನ ನಡುವೆ ತಗುಲಿದ ಹೊಸ ಸೋಂಕಿನಲ್ಲಿ ರಕ್ತದಲ್ಲಿ ರೋಗಾಣು ಹೇರಳವಾಗಿದ್ದು, ಮಗುವಿಗೆ ದಾಟುವ ಅಪಾಯ ಇನ್ನಷ್ಟು ಹೆಚ್ಚು.

ದಿನನಿತ್ಯದ ಎಚ್ಚರ

ಮನೆಯಲ್ಲಿ ಎರಡು ಮೂರು ವರ್ಷದ ಮೊದಲ ಮಗುವಿದ್ದು, ತಾಯಿ ಮತ್ತೆ ಬಸಿರಾಗಿರುವ ಸಂದರ್ಭವನ್ನು ನೆನೆಸಿಕೊಳ್ಳಿ. ಆ ಮಗು ಅರ್ಧ ಉಂಡು ಬಿಟ್ಟ ತುತ್ತನ್ನು ಚೆಲ್ಲಲು ಮನಸ್ಸಾಗದೆ ಆಕೆ ಬಾಯಿಗೆ ಹಾಕಿಕೊಳ್ಳುತ್ತಾಳೆ, ಬಿಸಿಯಿದೆಯೇ ಎಂದು ನೋಡಲು ಅದೇ ಚಮಚವನ್ನು ತುಟಿಗೆ ತಾಗಿಸುತ್ತಾಳೆ, ಒದ್ದೆ ಚಡ್ಡಿ ಬದಲಿಸಿ ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದಿನ ಕೆಲಸಕ್ಕೆ ಹೋಗುತ್ತಾಳೆ. ಸೈಟೊಮೆಗಾಲೊ ವೈರಸ್ ದಾಟುವುದು ಹೀಗೆಯೇ. ಸಣ್ಣ ಮಕ್ಕಳ ಜೊಲ್ಲು ಮತ್ತು ಮೂತ್ರದಲ್ಲಿ ಅದು ತಿಂಗಳುಗಟ್ಟಲೆ ಇರುತ್ತದೆ, ಮಗುವಿಗೆ ಯಾವ ತೊಂದರೆಯೂ ಕಾಣುವುದಿಲ್ಲ. ಹುಟ್ಟುವಾಗಲೇ ಮಕ್ಕಳಲ್ಲಿ ಕಂಡುಬರುವ ಸೋಂಕುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಇದೇ. ಇದರೊಂದಿಗೆ ಹುಟ್ಟಿದ ಐದು ಮಕ್ಕಳಲ್ಲಿ ಸುಮಾರು ಒಂದಕ್ಕೆ ಶಾಶ್ವತ ತೊಂದರೆ ಉಳಿಯುತ್ತದೆ, ಅದರಲ್ಲಿ ಮುಖ್ಯವಾದದ್ದು ಕಿವುಡು. ಇಷ್ಟಿದ್ದರೂ ಇದರ ಹೆಸರನ್ನೇ ಕೇಳದೆ ಒಂಬತ್ತು ತಿಂಗಳು ಕಳೆಯುವ ತಾಯಂದಿರು ಎಷ್ಟೋ ಮಂದಿ.

ತಡೆಯಲು ಬೇಕಾದದ್ದು ಸೋಪು ನೀರು ಮಾತ್ರ. ಚಡ್ಡಿ ಅಥವಾ ಡಯಾಪರ್ ಬದಲಿಸಿದ ಮೇಲೆ, ಮೂಗು ಜೊಲ್ಲು ಒರೆಸಿದ ಮೇಲೆ, ಆಟದ ಸಾಮಾನು ಎತ್ತಿಟ್ಟ ಮೇಲೆ ಕೈಯನ್ನು ಸೋಪು ಹಚ್ಚಿ ತೊಳೆಯಿರಿ. ಮಗುವಿನ ಎಂಜಲು ತಿನ್ನಬೇಡಿ, ಲೋಟ, ಚಮಚ, ಹಲ್ಲುಜ್ಜುವ ಬ್ರಷ್ ಬೇರೆಯೇ ಇರಲಿ. ಮುತ್ತನ್ನು ತುಟಿಗೆ ಕೊಡುವ ಬದಲು ಹಣೆಗೋ ನೆತ್ತಿಗೋ ಕೊಡಿ. ಮೊದಲ ಮಗುವನ್ನು ದೂರವಿಡಿ ಎಂದು ನಾನು ಹೇಳುತ್ತಿಲ್ಲ. ಅಪ್ಪಿಕೊಳ್ಳುವುದರಿಂದ, ಜೊತೆಗೆ ಮಲಗಿಸಿಕೊಳ್ಳುವುದರಿಂದ ಅಪಾಯವೇನೂ ಹೆಚ್ಚುವುದಿಲ್ಲ.

ಟಾಕ್ಸೊಪ್ಲಾಸ್ಮಾ ಎಂದ ಕೂಡಲೇ ಮನೆಯ ಬೆಕ್ಕನ್ನು ಹೊರಗೆ ಹಾಕುವವರಿದ್ದಾರೆ. ಅದು ಅನಗತ್ಯ. ಈ ಪರಾವಲಂಬಿ ಸರಿಯಾಗಿ ಬೇಯದ ಮಾಂಸದಿಂದಲೂ, ಮಣ್ಣು ಹೋಗುವ ಹಾಗೆ ತೊಳೆಯದ ತರಕಾರಿಯಿಂದಲೂ ಬರುತ್ತದೆ. ಬೆಕ್ಕಿನ ಮಲದಲ್ಲಿ ಹೊರಬಿದ್ದ ಕಣಗಳು ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಆದ್ದರಿಂದ ಬೆಕ್ಕಿನ ಮಲವನ್ನು ದಿನವೂ ತೆಗೆಯಬೇಕು, ಆ ಕೆಲಸವನ್ನು ಮನೆಯ ಬೇರೆಯವರು ಮಾಡಬೇಕು, ಗರ್ಭಿಣಿಯೇ ಮಾಡಬೇಕಾಗಿ ಬಂದರೆ ಕೈಗವಸು ಹಾಕಿಕೊಂಡು ಮಾಡಿ ಕೈ ತೊಳೆಯಬೇಕು. ತೋಟದ ಮಣ್ಣಿನಲ್ಲಿ ಕೈಯಾಡಿಸುವಾಗಲೂ ಇದೇ ಎಚ್ಚರ.

ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ ಚಳಿಯಲ್ಲೂ ಬೆಳೆಯುತ್ತದೆ. ಕಾಯಿಸದ ಹಸಿ ಹಾಲು, ಅಂಥ ಹಾಲಿನಿಂದ ಮಾಡಿದ ಮೃದು ಚೀಸ್, ದಿನಗಟ್ಟಲೆ ಫ್ರಿಜ್ಜಿನಲ್ಲಿಟ್ಟು ತಣ್ಣಗೇ ತಿನ್ನುವ ಮಾಂಸ ಇವುಗಳನ್ನು ಬಿಡಿ. ಇಟ್ಟದ್ದನ್ನು ತಿನ್ನಲೇಬೇಕಿದ್ದರೆ ಹಬೆಯೇಳುವಂತೆ ಬಿಸಿ ಮಾಡಿ. ತಾಯಿಗೆ ಇದು ಸಣ್ಣ ಜ್ವರ, ಮೈಕೈ ನೋವಷ್ಟೇ ಆಗಿ ಕಾಣಬಹುದು, ಮಗುವಿಗೆ ಪ್ರಾಣಾಪಾಯವಾಗಬಹುದು. ಬಸಿರಿನಲ್ಲಿ ಬರುವ ಜ್ವರವನ್ನು ಮನೆಯಲ್ಲೇ ಮಾತ್ರೆ ನುಂಗಿ ಕಳೆಯಬಾರದು ಎಂದು ಹೇಳುವುದಕ್ಕೆ ಇದೂ ಒಂದು ಕಾರಣ.

ಮಲೇರಿಯಾ ಅಥವಾ ಝಿಕಾ ಇರುವ ಸೀಮೆಯಲ್ಲಿ ಸೊಳ್ಳೆಪರದೆ, ಮೈ ಮುಚ್ಚುವ ಬಟ್ಟೆ, ಗರ್ಭಿಣಿಯರಿಗೆ ಸುರಕ್ಷಿತವಾದ ಸೊಳ್ಳೆ ನಿವಾರಕ ಬಳಸಿ. ಝಿಕಾ ಲೈಂಗಿಕ ಸಂಪರ್ಕದಿಂದಲೂ ದಾಟುತ್ತದೆ. ಗಂಡ ಅಂಥ ಕಡೆ ಹೋಗಿ ಬಂದಿದ್ದರೆ ಕಾಂಡೋಮ್ ಬೇಕು.

ಚಿಕನ್‌ಪಾಕ್ಸ್ ಬಾರದ, ಲಸಿಕೆಯೂ ಆಗದ ಗರ್ಭಿಣಿ ಆ ರೋಗವಿರುವವರ ಜೊತೆ ಒಂದೇ ಕೋಣೆಯಲ್ಲಿದ್ದದ್ದು ತಿಳಿದರೆ, ಗುಳ್ಳೆ ಏಳುವವರೆಗೆ ಕಾಯದೆ ಅಂದೇ ವೈದ್ಯರಿಗೆ ಫೋನ್ ಮಾಡಬೇಕು. ಸಂಪರ್ಕವಾದ 10 ದಿನಗಳೊಳಗೆ ಕೊಡುವ ಇಮ್ಯುನೊಗ್ಲಾಬ್ಯುಲಿನ್ (ರೋಗ ತಡೆಯುವ ಸಿದ್ಧ ಪ್ರತಿಕಾಯಗಳ) ಚುಚ್ಚುಮದ್ದು ರಕ್ಷಣೆ ಕೊಡುತ್ತದೆ, ಬೇಗ ಕೊಟ್ಟಷ್ಟೂ ಒಳ್ಳೆಯದು. ತನಗೇ ಗುಳ್ಳೆ ಎದ್ದಿದೆ ಎಂದಾದರೆ ಮೊದಲು ಫೋನಿನಲ್ಲಿ ತಿಳಿಸಿ ಹೋಗಿ, ಆಸ್ಪತ್ರೆಯಲ್ಲಿ ಇತರ ಗರ್ಭಿಣಿಯರ ನಡುವೆ ಕೂರಬೇಡಿ.

ಕೊನೆಯ ವಾರಗಳು

ಬಿ ಗುಂಪಿನ ಸ್ಟ್ರೆಪ್ಟೊಕಾಕಸ್ ಸುಮಾರು ಐವರು ಗರ್ಭಿಣಿಯರಲ್ಲಿ ಒಬ್ಬರ ಯೋನಿ ಅಥವಾ ಗುದದ್ವಾರದಲ್ಲಿ ನಿರುಪದ್ರವಿಯಾಗಿ ಇರುತ್ತದೆ. ಇದು ಕಾಯಿಲೆಯೂ ಅಲ್ಲ, ಸ್ವಚ್ಛತೆಯ ಕೊರತೆಯೂ ಅಲ್ಲ. ಹೆರಿಗೆಯಲ್ಲಿ ಮಗುವಿಗೆ ತಗುಲಿದರೆ ಮಾತ್ರ, ಕೆಲವು ಮಕ್ಕಳಲ್ಲಿ, ಮೊದಲ ವಾರದಲ್ಲೇ ರಕ್ತದ ಸೋಂಕು, ನ್ಯುಮೋನಿಯಾ ಅಥವಾ ಮಿದುಳುಪೊರೆಯ ಉರಿಯೂತವಾಗಿ ತಿರುಗುತ್ತದೆ. ಕೆಲವು ದೇಶಗಳಲ್ಲಿ 36–37ನೇ ವಾರದಲ್ಲಿ ಎಲ್ಲ ಗರ್ಭಿಣಿಯರಿಗೂ ಹತ್ತಿಕಡ್ಡಿಯಿಂದ ಒರೆಸಿ ಪರೀಕ್ಷಿಸುತ್ತಾರೆ; ಇನ್ನು ಕೆಲವೆಡೆ ಅಪಾಯದ ಸೂಚನೆ ಇರುವವರನ್ನು ಮಾತ್ರ ನೋಡುತ್ತಾರೆ. ಇದೆಯೆಂದು ತಿಳಿದ ಕೂಡಲೇ ಮಾತ್ರೆ ಕೊಡುವುದಿಲ್ಲವೇಕೆ ಎಂದು ಅನೇಕರು ಕೇಳುತ್ತಾರೆ. ಆಗ ಕೊಟ್ಟರೆ ಹೆರಿಗೆಯ ಹೊತ್ತಿಗೆ ಬ್ಯಾಕ್ಟೀರಿಯಾ ಮತ್ತೆ ಬಂದಿರುತ್ತದೆ. ಹೆರಿಗೆ ನೋವು ಶುರುವಾದ ಮೇಲೆ, ಮಗು ಹುಟ್ಟುವುದಕ್ಕೆ ಕನಿಷ್ಠ ನಾಲ್ಕು ಗಂಟೆ ಮೊದಲು, ರಕ್ತನಾಳದ ಮೂಲಕ ಪೆನಿಸಿಲಿನ್ ಕೊಟ್ಟರೇ ಅದರ ಪೂರ್ಣ ಪ್ರಯೋಜನ. ಆದ್ದರಿಂದ ಈ ಫಲಿತಾಂಶ ಇರುವವರು, ಅಥವಾ ಹಿಂದಿನ ಮಗುವಿಗೆ ಈ ಕಾಯಿಲೆ ಬಂದಿದ್ದವರು, ನೋವು ಬಂದಾಗ ಇಲ್ಲವೇ ನೀರು ಹೋದಾಗ ಮನೆಯಲ್ಲಿ ಕಾಯದೆ ಹೊರಡಬೇಕು.

ಹೆಪಟೈಟಿಸ್ ಬಿ ಇರುವವರು ರಕ್ತದಲ್ಲಿನ ವೈರಾಣುವಿನ ಪ್ರಮಾಣವನ್ನು ಏಳನೇ ತಿಂಗಳ ಹೊತ್ತಿಗೆ ತಿಳಿದುಕೊಂಡಿರಬೇಕು. ಒಂದು ಮಿಲಿಲೀಟರಿಗೆ 2 ಲಕ್ಷ ಅಂತರರಾಷ್ಟ್ರೀಯ ಯೂನಿಟ್ ಮೀರಿದ್ದರೆ ಅದನ್ನು ತಗ್ಗಿಸಲು ಟೆನೊಫೊವಿರ್ ಮಾತ್ರೆ ಕೊಡುತ್ತಾರೆ. ಎಚ್‌ಐವಿ ಇರುವವರಲ್ಲಿ ಹೆರಿಗೆಯ ವಿಧಾನ ನಿರ್ಧಾರವಾಗುವುದೂ ಕೊನೆಯ ವಾರಗಳ ವೈರಾಣು ಪ್ರಮಾಣದಿಂದಲೇ. ಗುಪ್ತಾಂಗದಲ್ಲಿ ಹರ್ಪಿಸ್ ಗುಳ್ಳೆ ಎಂದಾದರೂ ಬಂದಿದ್ದರೆ ಸಂಕೋಚ ಬಿಟ್ಟು ಹೇಳಬೇಕು. ಕೊನೆಯ ಮೂರು ತಿಂಗಳಲ್ಲಿ ಮೊದಲ ಬಾರಿಗೆ ಬಂದ ಹರ್ಪಿಸ್ ಮಗುವಿಗೆ ಅತಿ ಅಪಾಯಕಾರಿ. ಹಳೆಯದು ಮರುಕಳಿಸಿದರೆ ಅಪಾಯ ತೀರ ಕಡಿಮೆ, ಆದರೂ 36ನೇ ವಾರದಿಂದ ಹರ್ಪಿಸ್ ತಡೆಯುವ ಅಸೈಕ್ಲೊವಿರ್ ಔಷಧ ಕೊಡುವುದು ರೂಢಿ, ನೋವಿನ ಹೊತ್ತಿಗೆ ಗುಳ್ಳೆಗಳಿದ್ದರೆ ಸಿಸೇರಿಯನ್ ಮಾಡುತ್ತಾರೆ.

ಇಷ್ಟೆಲ್ಲ ಪರೀಕ್ಷೆ ಮಾಡಿಸಿಯೂ ಕೆಲಸ ಕೆಡುವುದು ಒಂದು ಸಣ್ಣ ಕಾಗದದಿಂದ. ಒಂದು ಕಡೆ ತೋರಿಸಿಕೊಂಡು ಇನ್ನೊಂದು ಕಡೆ ಹೆರಿಗೆಗೆ ಹೋಗುವವರು ಬಹಳ ಮಂದಿ. ಮಧ್ಯರಾತ್ರಿ ನೋವು ಬಂದಾಗ ಕಡತ ಮನೆಯ ಕಪಾಟಿನಲ್ಲೇ ಉಳಿಯುತ್ತದೆ. ಹೆಪಟೈಟಿಸ್ ಬಿ, ಎಚ್‌ಐವಿ, ಸಿಫಿಲಿಸ್, ಸ್ಟ್ರೆಪ್ಟೊಕಾಕಸ್ ಫಲಿತಾಂಶಗಳನ್ನು ದಿನಾಂಕದ ಸಮೇತ ಒಂದೇ ಹಾಳೆಯಲ್ಲಿ ಬರೆದು, ಕಡತದ ಮೊದಲ ಪುಟವಾಗಿ ಇಟ್ಟು, ಅದರ ಫೋಟೋ ನಿಮ್ಮ ಮೊಬೈಲಿನಲ್ಲೂ ಜೊತೆಗೆ ಬರುವವರ ಮೊಬೈಲಿನಲ್ಲೂ ಇರಲಿ. ಫಲಿತಾಂಶವನ್ನು ಮನೆಯವರಿಂದ ಗುಟ್ಟಾಗಿಡಲು ಬಯಸುವವರು ಹಾಳೆಯನ್ನು ಲಕೋಟೆಯಲ್ಲಿಟ್ಟು ದಾದಿಯ ಕೈಗೇ ಕೊಡಬಹುದು.

ಮಗು ಹುಟ್ಟಿದ ಮೇಲೆ

ಹೆಪಟೈಟಿಸ್ ಬಿ ಇರುವ ತಾಯಿಯ ಮಗುವಿಗೆ ಲಸಿಕೆಯ ಮೊದಲ ಡೋಸ್ ಮತ್ತು ಇಮ್ಯುನೊಗ್ಲಾಬ್ಯುಲಿನ್ ಎರಡನ್ನೂ 12 ಗಂಟೆಯೊಳಗೆ, ಎರಡು ಬೇರೆ ತೊಡೆಗಳಿಗೆ ಕೊಡಬೇಕು. ಹುಟ್ಟುವಾಗ ಈ ಸೋಂಕು ತಗುಲಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 90 ಮಂದಿಯಲ್ಲಿ ಅದು ಜೀವನಪರ್ಯಂತ ಉಳಿದು, ಮುಂದೆ ಯಕೃತ್ತಿನ ಸಿರೋಸಿಸ್, ಕ್ಯಾನ್ಸರ್‌ಗಳಿಗೆ ದಾರಿಯಾಗಬಹುದು. ದೊಡ್ಡವರಾದ ಮೇಲೆ ತಗುಲಿದರೆ ಬಹುತೇಕರಲ್ಲಿ ತಾನಾಗಿ ಹೋಗುತ್ತದೆ. ಈ ಒಂದು ವ್ಯತ್ಯಾಸವೇ ಆ 12 ಗಂಟೆಗೆ ಅಷ್ಟು ಬೆಲೆ ತಂದಿದೆ. ಹುಟ್ಟಿದ್ದು ರಜಾದಿನವೆಂದೋ ರಾತ್ರಿಯೆಂದೋ ನಾಳೆಗೆ ಹಾಕಲು ಬಿಡಬೇಡಿ, ನಯವಾಗಿಯೇ ಆದರೆ ಬಿಡದೆ ಕೇಳಿ. ತಾಯಿಗೆ ಸೋಂಕಿಲ್ಲದಿದ್ದರೂ ಪ್ರತಿ ಮಗುವಿಗೂ 24 ಗಂಟೆಯೊಳಗೆ ಈ ಲಸಿಕೆ ಆಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎಚ್‌ಐವಿ ಇರುವ ತಾಯಿಯ ಮಗುವಿಗೂ ಔಷಧವನ್ನು ಮೊದಲ ಆರು ಗಂಟೆಯೊಳಗೇ ಶುರು ಮಾಡುವುದು ಒಳ್ಳೆಯದು.

ಹೆಪಟೈಟಿಸ್ ಬಿ ಇದೆಯೆಂದು ಎದೆಹಾಲು ನಿಲ್ಲಿಸಬೇಕಾಗಿಲ್ಲ. ಹರ್ಪಿಸ್ ಇದ್ದರೂ ಸ್ತನದ ಮೇಲೆ ಗುಳ್ಳೆಯಿಲ್ಲದಿದ್ದರೆ ಹಾಲೂಡಿಸಬಹುದು. ಆದರೆ ತುಟಿಯಲ್ಲಿ ಹರ್ಪಿಸ್ ಗುಳ್ಳೆ ಇರುವ ಯಾರೂ, ಅಜ್ಜಿಯಾದರೂ ಸರಿ, ಕೂಸಿಗೆ ಮುತ್ತು ಕೊಡಬಾರದು. ಎಚ್‌ಐವಿ ವಿಷಯದಲ್ಲಿ ಎದೆಹಾಲೋ ಪುಡಿ ಹಾಲೋ ಎಂಬುದು ತಾಯಿಯ ಚಿಕಿತ್ಸೆ, ವೈರಾಣುವಿನ ಪ್ರಮಾಣ, ಶುದ್ಧ ನೀರಿನ ಲಭ್ಯತೆ ಎಲ್ಲವನ್ನೂ ನೋಡಿ ಹೆರಿಗೆಗೆ ಮುಂಚೆಯೇ ವೈದ್ಯರೊಡನೆ ಕೂತು ಮಾಡಬೇಕಾದ ತೀರ್ಮಾನ. ಎದೆಹಾಲೆಂದು ತೀರ್ಮಾನಿಸಿದರೆ ತಾಯಿ ಒಂದು ದಿನವೂ ಮಾತ್ರೆ ತಪ್ಪಿಸಬಾರದು.

ಮೊದಲ ತಿಂಗಳಲ್ಲಿ ಮಗು ಹಾಲು ಕುಡಿಯಲು ಒಲ್ಲದೆ ಹೋದರೆ, ಎಬ್ಬಿಸಿದರೂ ಏಳದಷ್ಟು ಮಂಕಾದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಬಾರಿ ಉಸಿರಾಡಿದರೆ ಅಥವಾ ಉಸಿರಿನೊಂದಿಗೆ ನರಳಿದರೆ, ಮೈ ಬಿಸಿ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅಥವಾ ಮೈ ತಣ್ಣಗಾದರೆ, ಫಿಟ್ಸ್ ಬಂದರೆ, ಹುಟ್ಟಿದ ಮೊದಲ 24 ಗಂಟೆಯಲ್ಲೇ ಕಾಮಾಲೆ ಕಂಡರೆ, ಮೈಮೇಲೆ ನೀರುಗುಳ್ಳೆ ಎದ್ದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ನವಜಾತ ಶಿಶುವಿನ ಸೋಂಕಿನಲ್ಲಿ ಜ್ವರವೇ ಬಾರದೆ ಬರೀ ಮಂಕುತನ ಕಾಣುವುದೂ ಉಂಟು. "ಯಾಕೋ ಮಗು ಎಂದಿನಂತಿಲ್ಲ" ಎಂಬ ತಾಯಿಯ ಮಾತನ್ನು ನಾನು ಯಾವಾಗಲೂ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ.

ಮುಂದಿನ ತಾರೀಕುಗಳನ್ನು ಆಸ್ಪತ್ರೆಯಿಂದ ಹೊರಡುವ ಮೊದಲೇ ಬರೆಸಿಕೊಳ್ಳಿ. ಕಿವಿಯ ಪರೀಕ್ಷೆಯಲ್ಲಿ ಮಗು ಪಾಸಾಗದಿದ್ದರೆ ಸೈಟೊಮೆಗಾಲೊ ವೈರಸ್‌ಗಾಗಿ ಜೊಲ್ಲು ಅಥವಾ ಮೂತ್ರವನ್ನು 21 ದಿನಗಳೊಳಗೆ ಪರೀಕ್ಷಿಸಬೇಕು. ಆಮೇಲೆ ಸಿಕ್ಕರೆ ಅದು ಹೊಟ್ಟೆಯಲ್ಲೇ ತಗುಲಿದ್ದೋ ಹುಟ್ಟಿದ ಮೇಲೆ ತಗುಲಿದ್ದೋ ಹೇಳಲಾಗದು. ಹೆಪಟೈಟಿಸ್ ಬಿ ಇರುವ ತಾಯಿಯ ಮಗುವಿಗೆ ಲಸಿಕೆಯ ಉಳಿದ ಡೋಸ್‌ಗಳೆಲ್ಲ ಮುಗಿದ ಮೇಲೆ, 9ರಿಂದ 12 ತಿಂಗಳ ನಡುವೆ, ಸೋಂಕು ದಾಟಿಲ್ಲವೇ ಮತ್ತು ಲಸಿಕೆ ಫಲಿಸಿದೆಯೇ ಎಂದು ರಕ್ತ ನೋಡಬೇಕು. ಎಚ್‌ಐವಿ ಇರುವ ತಾಯಿಯ ಮಗುವಿನ ರಕ್ತದಲ್ಲಿ ತಾಯಿಯ ಪ್ರತಿಕಾಯಗಳು ಒಂದೂವರೆ ವರ್ಷದವರೆಗೂ ಇರಬಹುದಾದ್ದರಿಂದ, ಆರಂಭದ ಪರೀಕ್ಷೆಗಳು ವೈರಾಣುವನ್ನೇ ಹುಡುಕುವಂಥವಾಗಿರಬೇಕು. ಎದೆಹಾಲು ಕುಡಿದ ಮಗುವಾದರೆ, ಹಾಲು ಬಿಡಿಸಿದ ಮೇಲೆ ಮಾಡುವ ಪರೀಕ್ಷೆಯ ನಂತರವಷ್ಟೇ ಕೊನೆಯ ಉತ್ತರ ಸಿಗುತ್ತದೆ.